ಫೋಟೋಗೆ ನಾಲ್ಕನೆಯವಳು

ಮೊಟ್ಟೆ ಮಾರುವ ಥೋವಾಳ ಬಾಯಿ ಕೆಟ್ಟದ್ದು. ಸೈಗಾನಿನ ಆ ಸಣ್ಣ ಮಾರುಕಟ್ಟೆಯಲ್ಲಿ ಅವಳ ಹತ್ತಿರ ಬೈಸಿಕೊಳ್ಳದವರೇ ಇರಲಿಲ್ಲ. ಮೊಟ್ಟೆಯನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದ ಗಿರಾಕಿಗೆ, "ಕೊಳ್ತೀಯೋ, ಕಾವಿಗೆ ಕೂರ್ತೀಯೋ?" ಎಂದು ಕೇಳುವವಳು. ಗಂಡ ತೀರಿಕೊಂಡ ಮೇಲೆ ಆ ಬಾಯಿ ಇನ್ನೂ ಹರಿತವಾಯಿತು. ಮನೆಗೆ ಹೋದರೆ ಬೈಯಲಿಕ್ಕೂ ಒಂದು ನರಪಿಳ್ಳೆ ಇಲ್ಲ. ಇಂಥವಳನ್ನು ಯಾರು ಎಲ್ಲಿಗೆ ಕರೆಯುತ್ತಾರೆ?

ಹಾಗಾಗಿ ತರಕಾರಿಯ ಹುಯೆ ಅಕ್ಕ ಬಂದು, "ಶನಿವಾರ ಭಾನುವಾರ ಸಾದೆಕ್‌ಗೆ ಹೊರಟಿದೀವಿ. ಹೂವಿನ ತೋಟ ನೋಡ್ಕೊಂಡು ಬರೋದು. ನೀನೂ ಬಾರೇ" ಎಂದಾಗ ಥೋವಾ ಮೊದಲು ಹಿಂದಕ್ಕೆ ತಿರುಗಿ ನೋಡಿದಳು. ಬೆನ್ನ ಹಿಂದೆ ಬೇರೆ ಯಾರೂ ಇರಲಿಲ್ಲ.

ಹುಯೆ, ಮೀನಿನ ದಾವೊ, ಚಪ್ಪಲಿ ಅಂಗಡಿಯ ಲಿಯೂ, ಈ ಮೂವರು ವರ್ಷಕ್ಕೊಮ್ಮೆ ಒಂದೇ ಬಣ್ಣದ ಬಟ್ಟೆ ಹೊಲಿಸಿಕೊಂಡು ಯಾವುದಾದರೂ ಊರಿಗೆ ಹೋಗಿ, ಸ್ಕಾರ್ಫ್ ಗಾಳಿಗೆ ಹಾರಿಸಿ ಫೋಟೋ ತೆಗೆಸಿಕೊಂಡು ಬರುತ್ತಿದ್ದರು. ಆ ಫೋಟೋಗಳನ್ನು ನೋಡಿ ಥೋವಾ, "ಗಿಣಿಗಳು" ಎಂದು ಗೊಣಗುತ್ತಿದ್ದಳು. ಹೊಟ್ಟೆಯುರಿ, ಮತ್ತೇನಲ್ಲ.

ಕರೆದದ್ದೇ ತಡ, ಏರ್ಪಾಟನ್ನೆಲ್ಲ ತಾನೇ ತಲೆ ಮೇಲೆ ಹೊತ್ತುಕೊಂಡಳು. ಬಸ್ಸಿನವನ ಹತ್ತಿರ ಜಗಳವಾಡಿ ಮುಂದಿನ ಸೀಟುಗಳನ್ನು ಹಿಡಿದಳು. ಸಾದೆಕ್ ಕಡೆಯ ಹೂವಿನ ವ್ಯಾಪಾರಿಯೊಬ್ಬನನ್ನು ನಿಲ್ಲಿಸಿ, ಅಕ್ಕಿ ಶಾವಿಗೆ ಯಾವ ಅಂಗಡಿಯಲ್ಲಿ ಚೆನ್ನ, ತೋಟಕ್ಕೆ ಯಾವ ಹೊತ್ತಿನಲ್ಲಿ ಹೋದರೆ ಬಿಸಿಲು ಕಡಿಮೆ ಎಂದು ಅವನ ಪ್ರಾಣ ತಿಂದಳು. ನದಿ ದಂಡೆಯ ಲಾಡ್ಜಿಗೆ ಫೋನ್ ಮಾಡಿದಳು.

"ಎಷ್ಟು ಜನ ಅಕ್ಕಾ?" ಎಂದಳು ಲಾಡ್ಜಿನ ಹೆಂಗಸು.

"ನಾಲ್ಕು. ನಾವು ನಾಲ್ಕು ಜನ." ಫೋನ್ ಇಡುವ ಮುಂಚೆ, ಯಾರೂ ಕೇಳದಿದ್ದರೂ, ಇನ್ನೊಮ್ಮೆ ಹೇಳಿದಳು. "ನಾಲ್ಕು ಜನ ಬರ್ತೀವಿ."

ಶನಿವಾರದ ಊಟಕ್ಕೆ ಲಾವು ಎಂದು ಅವಳೇ ತೀರ್ಮಾನಿಸಿದಳು. ಮೇಜಿನ ನಡುವೆ ಒಲೆಯಿಟ್ಟು, ಕುದಿಯುವ ಸಾರಿಗೆ ಮೀನು, ಸೊಪ್ಪು ಹಾಕಿಕೊಂಡು ತಿನ್ನುವುದು. ಒಬ್ಬಳೇ ಹೋಗಿ ಕೂತರೆ ಯಾವ ಹೋಟೆಲಿನವನು ಅದಕ್ಕೆ ಒಲೆ ಹೊತ್ತಿಸುತ್ತಾನೆ? ಗಂಡ ಹೋದ ಮೇಲೆ ಅವಳು ಲಾವು ತಿಂದಿರಲಿಲ್ಲ.

ಹುಯೆ ಅವಳನ್ನು ದರ್ಜಿಯ ಹತ್ತಿರ ಕರೆದುಕೊಂಡು ಹೋದಳು. ಈ ವರ್ಷ ನೇರಳೆ ಬಣ್ಣ. ದರ್ಜಿ ಟೇಪು ಹಿಡಿದು, "ಸೊಂಟ ಎಲ್ಲಿದೆ ಅಕ್ಕಾ?" ಎಂದ. "ಹುಡುಕು. ಅದಕ್ಕೇ ದುಡ್ಡು ಕೊಡೋದು" ಎಂದಳು ಥೋವಾ. ಹುಯೆ ನಕ್ಕಳು. ಥೋವಾಳೂ ನಕ್ಕಳು. ಮನೆಗೆ ಬಂದ ಮೇಲೂ ಒಬ್ಬಳೇ ಒಂದು ಸಲ ನಕ್ಕಳು.

ಗುರುವಾರ ದಾವೊ ಮೀನಿನ ಹುರುಪೆ ತೆಗೆಯುತ್ತಾ ಹೇಳಿದಳು. "ನೀನು ಒಪ್ಪಿದ್ದು ಒಳ್ಳೇದಾಯ್ತು ಕಣೇ. ಲಾಟರಿ ಮಾರೋಳನ್ನ ಕೇಳಿದ್ವಿ, ಆಗಲ್ಲ ಅಂದ್ಲು. ಹಂದಿ ಮಾಂಸದೋಳು ಮೊಮ್ಮಗು ಅಂತ ನೆಪ ಹೇಳಿದ್ಲು."

"ಊರೋರನ್ನೆಲ್ಲ ಯಾಕೆ ಕೇಳಿದ್ರಿ?"

"ಮತ್ತೆ? ಮೊದಲೆಲ್ಲ ಜೊತೆಗೆ ಇನ್ನೊಬ್ಬಳು ಯಾರಾದ್ರೂ ಬರ್ತಿದ್ಲು. ಹೋದ ವರ್ಷ ಯಾರೂ ಸಿಗ್ದೆ ಮೂರೇ ಜನ ನಿಂತು ಫೋಟೋ ತೆಗೆಸ್ಕೊಂಡ್ವಿ. ಮಧ್ಯ ನಿಂತಿದ್ದು ಲಿಯೂ. ಬಂದ ತಿಂಗಳೇ ಸ್ಕೂಟರಿಂದ ಬಿದ್ದು ಕಾಲು ಮುರ್ಕೊಂಡ್ಲು. ಅಪಶಕುನ ಕಳೀಲಿ ಅಂತ ನಿನ್ನ ಹತ್ರಾನೇ ಬಾತುಮೊಟ್ಟೆ ಕೊಂಡು ತಿಂದ್ಲಲ್ಲ! ಈ ಸಲ ನಾಲ್ಕನೆಯವಳು ಇರ್ಲೇಬೇಕು ಅಂತ ಹುಯೆ ಅಕ್ಕನ ಹಟ."

ಮೂವರು ಒಟ್ಟಿಗೆ ಫೋಟೋ ತೆಗೆಸಿಕೊಂಡರೆ ನಡುವಿನವರಿಗೆ ಕೇಡು ಎಂಬುದು ಅಲ್ಲಿ ಎಳೆಮಕ್ಕಳಿಗೂ ಗೊತ್ತು. ದಾವೊ ಹೇಳಿದ್ದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಥೋವಾ ತಡೆದುಕೊಳ್ಳುತ್ತಿದ್ದಳೇನೋ.

"ಅಂದ್ರೆ ನಾನೇನು, ಫೋಟೋ ಮೂಲೇಲಿಡೋ ಹೂಕುಂಡಾನಾ?" ಅವಳ ಕೂಗಿಗೆ ಮಾರುಕಟ್ಟೆಯೇ ತಿರುಗಿ ನೋಡಿತು. "ಹೂಕುಂಡಾನೇ ಹೊತ್ಕೊಂಡು ಹೋಗಿ! ಅದಕ್ಕಾದ್ರೆ ಊಟ ಹಾಕೋದೂ ಬೇಡ!"

ಅಲ್ಲೇ ನಿಂತು ಲಾಡ್ಜಿಗೆ ಫೋನ್ ಮಾಡಿ, ಬರುವವರು ಮೂರೇ ಜನ ಎಂದಳು.

"ಅಯ್ಯೋ, ಮೂರೇ ಜನಾನಾ ಅಕ್ಕಾ? ಫೋಟೋ ತೆಗೆಸ್ಕೊಳ್ಳುವಾಗ ಜೋಪಾನ."

"ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದು ಫೋನ್ ಇಟ್ಟಳು.

ಶುಕ್ರವಾರ ಲಿಯೂ ಕುಂಟುತ್ತಾ ಬಂದಳು. ಕಂಕುಳಲ್ಲಿ ಒಂದು ಪೊಟ್ಟಣ.

"ಹೊಲಿದಾಯ್ತು, ಅಕ್ಕಾ."

"ಲಾಟರಿಯೋಳಿಗೆ ಕೊಡು."

"ಅವಳು ಕಡ್ಡಿ. ಇದರೊಳಗೆ ಎರಡು ಸಲ ಹಿಡೀತಾಳೆ."

ಥೋವಾ ಮೊಟ್ಟೆ ಒರೆಸುವುದನ್ನು ನಿಲ್ಲಿಸಲಿಲ್ಲ. "ಯಾರಾದ್ರೂ ಆಗ್ತಿತ್ತು. ಅಲ್ವಾ?"

"ಹೂಂ, ಯಾರಾದ್ರೂ ಆಗ್ತಿತ್ತು. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಈಗ ಬಟ್ಟೆ ನಿನ್ನ ಅಳತೆಗೆ ಹೊಲಿದಾಗಿದೆ." ಲಿಯೂ ಪೊಟ್ಟಣವನ್ನು ಮೊಟ್ಟೆಯ ತಟ್ಟೆಗಳ ಮೇಲಿಟ್ಟಳು. "ಅವರಿಬ್ಬರೂ ಮಧ್ಯ ನಿಲ್ಲಲ್ವಂತೆ. ಫೋಟೋ ಇಲ್ದೆ ಬರೋರೂ ಅಲ್ಲ. ನೀನು ಬರ್ದಿದ್ರೆ ಮತ್ತೆ ನಾನೇ."

ಸಂಜೆ ಥೋವಾ ಬಾಗಿಲು ಹಾಕಿಕೊಂಡು ಅದನ್ನು ತೊಟ್ಟಳು. ದರ್ಜಿ ಸೊಂಟವನ್ನು ಹುಡುಕಿಯೇಬಿಟ್ಟಿದ್ದ. ಬೆನ್ನ ಕಡೆ ಹೇಗೆ ಕೂತಿದೆ ಎಂದು ಕೇಳೋಣವೆಂದರೆ ಯಾರೂ ಇಲ್ಲ. ಹೋಗಬಾರದು, ಮಾನವಿದ್ದವಳು ಹೋಗುವುದಿಲ್ಲ ಎಂದು ಕನ್ನಡಿಗೆ ಹೇಳಿದಳು. ಆದರೆ ಬಟ್ಟೆಪೆಟ್ಟಿಗೆಯ ತಳದಲ್ಲಿ ಹಳೆಯದೊಂದು ಫೋಟೋ ಇತ್ತು. ಹೊಸವರ್ಷದ ಹಬ್ಬದಲ್ಲಿ ತೆಗೆದದ್ದು. ಒಂದು ಪಕ್ಕ ಅವಳು, ಇನ್ನೊಂದು ಪಕ್ಕ ಅವಳ ತಮ್ಮ, ನಡುವೆ ಗಂಡ. ಮುಂದಿನ ಹಬ್ಬಕ್ಕೆ ಗಂಡ ಇರಲಿಲ್ಲ. ಗಂಡನನ್ನು ನಡುವೆ ನಿಲ್ಲಿಸಿದ್ದು ತಾನೇ ಎಂದು ಅವಳು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಫೋನ್ ಕೈಗೆ ತೆಗೆದುಕೊಂಡಳು. "ಲಾಡ್ಜಾ? ನಾಲ್ಕು ಜನ. ನಗಬೇಡಿ. ನಾಲ್ಕು ಅಂತ ಬರ್ಕೊಳ್ಳಿ."

ಬೆಳಿಗ್ಗೆ ಬಸ್ಸಿನ ಹತ್ತಿರ ನೇರಳೆ ಬಟ್ಟೆಯ ಮೂವರು ನಿಂತಿದ್ದರು. ತಮ್ಮಂತೆಯೇ ನೇರಳೆ ತೊಟ್ಟು ಬಂದ ಥೋವಾಳನ್ನು ಕಂಡು ದಾವೊ ಬಾಯಿ ತೆರೆದಳು.

"ಮುಚ್ಚೇ" ಎಂದಳು ಥೋವಾ. "ನಾನು ಬಂದಿರೋದು ಲಾವು ತಿನ್ನೋಕೆ."

ಬಸ್ಸು ಹೊರಡುವ ಮುಂಚೆಯೇ ಹುಯೆ ಕೈ ಚಾಚಿ ಫೋನ್ ಎತ್ತಿ ಹಿಡಿದಳು. ಥೋವಾ ತುದಿಯಲ್ಲಿ ನಿಂತಳು.

"ಥೋವಾ ಕಾಣ್ತಿಲ್ಲ! ಬರೀ ಕಿವಿ ಕಾಣ್ತಿದೆ! ಮೂರಾಗ್ತೀವಿ, ಎಳ್ಕೊಳ್ರೇ!" ಎಂದು ಹುಯೆ ಕೂಗಿದಳು.

ಲಿಯೂ ಥೋವಾಳ ಸೊಂಟಕ್ಕೆ ಕೈ ಹಾಕಿ ಬಲವಾಗಿ ತನ್ನತ್ತ ಎಳೆದುಕೊಂಡಳು. ಅಷ್ಟು ಬಿಗಿಯಾಗಿ ಅವಳನ್ನು ಯಾರಾದರೂ ಹಿಡಿದು ಎಷ್ಟು ವರ್ಷವಾಗಿತ್ತೋ. ಯಾಕೆ ಹಿಡಿದಿದ್ದಾಳೆ ಎಂಬುದು ಥೋವಾಳಿಗೆ ಗೊತ್ತಿತ್ತು. ಫೋನ್ ಕ್ಲಿಕ್ಕೆಂದಿತು. ಕೈ ಸಡಿಲವಾಯಿತು.

"ಸರಿ ಬಂದಿಲ್ಲ" ಎಂದಳು ಥೋವಾ, ಫೋಟೋ ನೋಡದೆಯೇ. "ಇನ್ನೊಂದು ತೆಗಿ."