ಶಿವವ್ವ ತೊಳೆದ ಇದ್ದಿಲು

೧೯೯೯ರಲ್ಲಿ ನಾನು ಜಯನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ಜರಗನಹಳ್ಳಿಯ ವಠಾರವೊಂದರ ಬೋರ್‌ವೆಲ್ ನೀರಿಗೆ ಪಕ್ಕದಲ್ಲಿ ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡಿನಿಂದ ಕ್ರೋಮಿಯಂ ಎಂಬ ವಿಷಲೋಹ ಸೇರುತ್ತಿದೆಯೆಂದು ಪತ್ತೆಹಚ್ಚಿದವಳು ನಾನೇ. ತೆಂಗಿನ ಚಿಪ್ಪಿನ ಇದ್ದಿಲನ್ನು ಆಮ್ಲದಲ್ಲಿ ನೆನೆಸಿ, ತೊಳೆದು, ಕಾಯಿಸಿ, ಡ್ರಮ್ಮಿಗೆ ತುಂಬಿ, ನೀರು ಅದರೊಳಗಿಂದ ಇಳಿದು ಬರುವಂತೆ ಮಾಡಿಕೊಟ್ಟೆ. ಪರೀಕ್ಷಿಸಿ, "ಧೈರ್ಯವಾಗಿ ಕುಡೀರಿ," ಎಂದೆ. ಅಲ್ಲಿಯವರೆಗೆ ಮುಖ್ಯರಸ್ತೆಯ ನಲ್ಲಿಯಿಂದ ನೀರು ಹೊತ್ತು ತರುತ್ತಿದ್ದ ವಠಾರದ ಶಿವವ್ವ ಅಂದಿನಿಂದ ಅಲ್ಲಿಗೆ ಹೋಗುವುದನ್ನೇ ಬಿಟ್ಟಳು. ಅವಳು ಗದಗದ ಕಡೆಯವಳು; ಅವಳಿಗೆ ಮೂರು ವರ್ಷದ ಮಗಳು, ರಾಜಶ್ರೀ.

ಲೋಹವನ್ನು ಹೀರಿ ಹೀರಿ ತುಂಬಿಹೋಗುವ ಇದ್ದಿಲನ್ನು ಎರಡು ತಿಂಗಳಿಗೊಮ್ಮೆ ಬದಲಿಸಬೇಕಿತ್ತು. ಹೊಸದನ್ನು ತಯಾರಿಸಿ ಕೊಡಬೇಕಾದವಳು ನಾನು. ಉತ್ತರಪತ್ರಿಕೆಗಳ ಗಡಿಬಿಡಿಯಲ್ಲಿ ಹೋಗಲಿಲ್ಲ. ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಶಿವವ್ವ ಸಿಕ್ಕಳು.

"ನಿಮಗ್ಯಾಕ ತ್ರಾಸು ಅಂತ ನಾನಽ ಇದ್ಲಿ ತಗದು, ಮೂರು ಸಲ ತೊಳದು, ಬಿಸಲಿಗೆ ಒಣಗಿಸಿ ಹಾಕೇನ್ರಿ. ಹೊಸಾದರಂಗ ಮಿಂಚತೈತಿ!"

ಇದ್ದಿಲು ಹೀರಿಕೊಂಡ ಲೋಹ ಹಾಗೆ ತೊಳೆದರೆ ಹೋಗದು. ನನಗದು ಗೊತ್ತಿತ್ತು. ಆದರೆ ಬಸ್ ಬಂದಿತ್ತು. "ಜಾಣೆ ಕಣಮ್ಮ ನೀನು," ಎಂದು ಹತ್ತಿಬಿಟ್ಟೆ.

ಮೂರು ತಿಂಗಳ ಮೇಲೆ, ರಜೆಯಲ್ಲಿ, ಆ ಡ್ರಮ್ಮಿನ ನೀರನ್ನು ಮತ್ತೆ ಪರೀಕ್ಷಿಸಿದೆ. ನಳಿಕೆಯಲ್ಲಿ ನೇರಳೆ ಬಣ್ಣ ಏರಿತು. ಕ್ರೋಮಿಯಂ ಇದ್ದರಷ್ಟೇ ಏರುವ ಬಣ್ಣ.

ಕೂಡಲೇ ಹೋದೆ. ಶಿವವ್ವ ಸೆರಗಿನಿಂದ ಕಟ್ಟೆ ಒರೆಸಿ ನನ್ನನ್ನು ಕೂರಿಸಿದಳು.

"ಚಾ ಇಡ್ಲೇನ್ರಿ?"

"ಬೇಡಮ್ಮ, ನೀನೂ ಕೂತ್ಕೊ," ಎಂದು, ನೀರಿನಲ್ಲಿ ಮತ್ತೆ ವಿಷ ಸಿಕ್ಕಿದ್ದನ್ನೂ ಇದ್ದಿಲಿಗೆ ಹಿಡಿದದ್ದು ತೊಳೆದರೆ ಹೋಗದೆಂಬುದನ್ನೂ ಹೇಳಿದೆ.

ಅವಳು ಅಂಗಳದಲ್ಲಿ ಆಡುತ್ತಿದ್ದ ಮಗಳ ಕಡೆ ನೋಡಿದಳು. "ಕೂಸಿಗೆ ಏನಾರ ಆಗತೈತೇನ್ರಿ?"

"ಗೊತ್ತಿಲ್ಲ. ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

"ತಪ್ಪು ನಂದಽ ಬಿಡ್ರಿ. ತೊಳದಾಕಿ ನಾನಽ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅಲ್ಲ ಶಿವವ್ವ. ನೀನು ಹೇಳ್ದಾಗ್ಲೇ ನಂಗೆ ಗೊತ್ತಿತ್ತು. ಬಸ್ ಹೋಗ್ಬಿಡತ್ತೆ ಅಂತ ಸುಮ್ಮನಾದೆ."

ಅವಳು ಡ್ರಮ್ಮಿನ ಕಡೆ ತಿರುಗಿ ನೋಡಿದಳು. ಆಮೇಲೆ, "ನೀವೂ ಇದಽ ನೀರು ಕುಡದೀರೇನ್ರಿ?" ಎಂದಳು.

"ಇಲ್ಲ. ಜೆಪಿ ನಗರದ ನಮ್ಮನೇಲಿ ಕಾವೇರಿ ನೀರು ಬರತ್ತೆ."

ಶಿವವ್ವ ಎದ್ದು ಒಳಗಿನಿಂದ ಎರಡು ಕೊಡ ತಂದಳು. ಅವುಗಳಲ್ಲಿದ್ದ ನೀರನ್ನು ಮೋರಿಗೆ ಸುರಿದಳು.

"ಹಂಗಾರ ಇವತ್ತಿನಿಂದ ನಿಮ್ಮನಿ ನೀರಽ ಕೊಡ್ರಿ. ಜೆಪಿ ನಗರ ಏನು ದೂರಿಲ್ಲ."

ಮಗಳನ್ನು ಸೊಂಟಕ್ಕೇರಿಸಿಕೊಂಡು, ಒಂದು ಕೊಡವನ್ನು ನನ್ನತ್ತ ಚಾಚಿದಳು. "ಹಿಡೀರಿ," ಎಂದಳು.

ಹಿಡಿದುಕೊಂಡು ಅವಳ ಹಿಂದೆ ನಡೆದೆ.