ಹುಳ ಹಣ್ಣಾದ ಭಾನುವಾರ

ಹೊಂಗನೂರಿನ ನಾಗಲಕ್ಷ್ಮಮ್ಮನಿಗೆ ಆ ತಿಂಗಳೆಲ್ಲ ಸಡಗರವೋ ಸಡಗರ. ಗಂಡ ಮುನಿಕೃಷ್ಣನ ಕಡೆಯವರು ವರ್ಷಕ್ಕೊಮ್ಮೆ ಮಕ್ಕಳು ಮರಿ ಸಮೇತ ಒಂದು ಕಡೆ ಸೇರಿ, ಉಂಡು ಹರಟೆ ಹೊಡೆಯುವುದು ರೂಢಿ. ಒಮ್ಮೆ ಮಾಗಡಿ, ಒಮ್ಮೆ ಕನಕಪುರ. ಈ ಸಲದ ಸರದಿ ಅವಳದು, ತಿಂಗಳ ಕೊನೆಯ ಭಾನುವಾರಕ್ಕೆ. ಕಣ್ವ ಡ್ಯಾಮಿನ ಹತ್ತಿರ ಪರಿಚಯದವರ ಮಾವಿನ ತೋಪು ಗೊತ್ತುಮಾಡಿ, ನಾಟಿ ಕೋಳಿ ಸಾರು, ಮುದ್ದೆ ಎಂದು ಅಡುಗೆಯ ಶುಕೂರನಿಗೆ ಹೇಳಿಯೂ ಆಗಿತ್ತು. ಆದರೂ ಮಾಗಡಿಯಿಂದ ಗಂಡನ ಅಕ್ಕ ಹನುಮಂತಮ್ಮನ ವಾಯ್ಸ್ ಮೆಸೇಜುಗಳು ನಿಲ್ಲಲಿಲ್ಲ. "ಒಬ್ಬಟ್ಟಿಲ್ದೆ ಅದೇನು ಊಟ?" ಎಂದು ಒಂದು ದಿನ, "ಈ ಬಿಸ್ಲಲ್ಲಿ ಒಬ್ಬಟ್ಟು ಯಾರು ತಿಂದಾರು?" ಎಂದು ಮರುದಿನ. ಎರಡಕ್ಕೂ ನಾಗಲಕ್ಷ್ಮಮ್ಮ "ಆಯ್ತು ಅತ್ಗೆ" ಎಂದಳು.

ಅವಳಿಗಿದ್ದ ದಿಗಿಲೆಲ್ಲ ಮನೆಯ ರೇಷ್ಮೆ ಹುಳ ಅದೇ ದಿನ ಗೂಡು ಕಟ್ಟುವಷ್ಟು ಹಣ್ಣಾದರೆ ಎಂದು. "ಮಂಗಳವಾರದ ಗಂಟ ಹಣ್ಣಾಗಲ್ಲ ಬುಡು," ಎಂದು ಮುನಿಕೃಷ್ಣ ಧೈರ್ಯ ಹೇಳಿದ್ದ. ಆ ವಾರದ ಬಿಸಿಲು ಅವನ ಮಾತು ಕೇಳಲಿಲ್ಲ. ಭಾನುವಾರ ಬೆಳಕು ಹರಿಯುತ್ತಲೇ ಹುಳುಮನೆಯಿಂದ ಅವನೇ ಓಡಿಬಂದ.

"ನಾಗೂ, ಹುಳ ಹಣ್ಣಾಗ್ಬುಟ್ಟವೆ ಕಣೇ!"

ಹೋಗಿ ನೋಡಿದರೆ ನಿಜ. ಹುಳುಗಳು ಸೊಪ್ಪು ತಿನ್ನುವುದು ಬಿಟ್ಟು, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ಸಂಜೆಯೊಳಗೆ ಎಲ್ಲವನ್ನೂ ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಡದಿದ್ದರೆ, ಕಸದಲ್ಲೇ ನೂಲು ಸುತ್ತಿಕೊಂಡು ಬೆಳೆಯೇ ಹಾಳು. ಕೂಲಿಯವರನ್ನು ಕರೆಯೋಣವೆಂದರೆ ಎಲ್ಲರೂ ಸಾತನೂರಿಗೆ ಮದುವೆಗೆ ಹೋಗಿದ್ದರು.

ನಾಗಲಕ್ಷ್ಮಮ್ಮ ಫೋನ್ ತೆಗೆದಳು. ಹನುಮಂತಮ್ಮ ಆಗಲೇ ವ್ಯಾನಿನಲ್ಲಿದ್ದಳು.

"ಅತ್ಗೆ, ನೀವೆಲ್ಲ ತೋಪಿಗೋಗಿ ಉಣ್ಣಿ. ಹುಳ ಹಣ್ಣಾಗವೆ, ನಾವಿಬ್ರೂ ಬರಕ್ಕಾಗಲ್ಲ," ಎಂದಳು.

ಆ ಕಡೆಯಿಂದ "ಫೋನ್ ಮಡಗು," ಎಂದಷ್ಟೇ ಕೇಳಿಸಿತು.

ಅತ್ತಿಗೆ ಮುನಿಸಿಕೊಂಡಳು ಎಂದು ಕಣ್ಣೊರೆಸಿಕೊಂಡು ನಾಗಲಕ್ಷ್ಮಮ್ಮ ಹುಳ ಆರಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಹಾರನ್ ಸದ್ದು. ತೋಪಿಗೆ ಹೋಗಬೇಕಿದ್ದ ವ್ಯಾನು ಅವಳ ಮನೆ ಮುಂದೆ ನಿಂತಿತ್ತು. ಹಿಂದೆಯೇ ಹಂಡೆ, ಕೋಳಿ ಸಮೇತ ಶುಕೂರನ ಗೂಡ್ಸ್ ಆಟೋ. ಹೊಸ ಸೀರೆಯ ಸೆರಗು ಸಿಕ್ಕಿಸುತ್ತ ಹನುಮಂತಮ್ಮ ಮೊದಲು ಇಳಿದಳು. "ಎಲ್ಲವೆ ಹುಳ? ಬತ್ತೀನಿ ನಡಿ."

ಕನಕಪುರದ ಭಾವ, ಮುನಿಕೃಷ್ಣನ ಅಣ್ಣ ಗಂಗಹನುಮಯ್ಯ ಬಿಳಿ ಅಂಗಿಗೆ ಘಮ್ಮೆಂದು ಸೆಂಟು ಹೊಡೆದು ಬಂದಿದ್ದ. ಆ ವಾಸನೆ ಹುಳಕ್ಕೆ ಆಗದು. ಭಾವನಿಗೆ ಹೇಗೆ ಹೇಳುವುದೆಂದು ನಾಗಲಕ್ಷ್ಮಮ್ಮ ತಡವರಿಸುತ್ತಿದ್ದಂತೆ ಹನುಮಂತಮ್ಮನೇ ತಮ್ಮನನ್ನು ಬಾಗಿಲಲ್ಲಿ ತಡೆದಳು. "ಲೇ ಗಂಗ, ನೀನು ಒಳಕ್ಕೆ ಬರಂಗಿಲ್ಲ ಕಣ್ಲಾ. ಹೋಗಿ ಈರುಳ್ಳಿ ಹೆಚ್ಚು." ಮಕ್ಕಳೆಲ್ಲ ಗೊಳ್ಳೆಂದರು.

ಹನುಮಂತಮ್ಮನ ಹೊಸ ಸೊಸೆ ಅಮೂಲ್ಯ ಮಾತ್ರ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ನಾಗಲಕ್ಷ್ಮಮ್ಮ ಒಂದು ಹುಳವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮಾಗಿದ ದ್ರಾಕ್ಷಿಯಂತೆ ಅದರ ಮೈ ತಿಳಿಯಾಗಿ ಹೊಳೆಯಿತು. "ಒಸಿ ಮುಟ್ಟಿ ನೋಡವ್ವ, ಏನೂ ಮಾಡಲ್ಲ."

ಅಮೂಲ್ಯ ಕಣ್ಣು ಮುಚ್ಚಿ ಅಂಗೈ ಚಾಚಿದಳು. "ಅಯ್ಯೋ ಅತ್ತೆ, ಎಷ್ಟು ತಣ್ಣಗೈತೆ!" ಆಮೇಲೆ ಅವಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ಹೊತ್ತು ಇಳಿಯುವ ಮೊದಲೇ ಚಂದ್ರಿಕೆಗಳೆಲ್ಲ ತುಂಬಿದವು. ಅಂಗಳದ ನೆರಳಲ್ಲಿ ಎಲೆ ಹಾಕಿದರು. ಬಡಿಸಲು ನಿಂತ ನಾಗಲಕ್ಷ್ಮಮ್ಮನನ್ನು ಹನುಮಂತಮ್ಮ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಬಂದವ್ರಿಗೆಲ್ಲ ಕೆಲ್ಸ ಹಚ್ಚಿದಂಗಾಯ್ತು ಅತ್ಗೆ."

"ಸುಮ್ಕಿರು. ನಾನು ಆಡಿ ಬೆಳ್ದಿದ್ದೇ ಈ ಹುಳುಮನೇಲಿ. ತೋಪಲ್ಲಿ ಕಾಲು ಚಾಚ್ಕಂಡು ಕೂತಿದ್ರೆ ಇಷ್ಟು ನಗ್ತಿದ್ವಾ?" ಎಂದು ಹನುಮಂತಮ್ಮ ಅವಳೆಲೆಗೆ ಸಾರು ಬಿಟ್ಟಳು.

ಅತ್ತ ಗಂಗಹನುಮಯ್ಯ ಆಗಲೇ ಮುಂದಿನ ವರ್ಷಕ್ಕೆ ಕಾವೇರಿ ಸಂಗಮ ಎನ್ನುತ್ತಿದ್ದ, ಮಕ್ಕಳು ಮೈಸೂರು ಎನ್ನುತ್ತಿದ್ದರು. ಜಗಳ ಏರುತ್ತಿತ್ತು. ನಾಗಲಕ್ಷ್ಮಮ್ಮ ಯಾರ ಕಡೆಗೂ ಸೇರದೆ, ಬಿಸಿ ಮುದ್ದೆ ಮುರಿದು ನಿಶ್ಚಿಂತೆಯಿಂದ ಉಣ್ಣತೊಡಗಿದಳು.