ಭಾವನ ಜೋಳಕ್ಕೆ ಎರಡು ಗೆರೆ

ಆ ವರ್ಷ ಕೊಯ್ಲಿನ ಹೊತ್ತಿಗೇ ಮಳೆ ಹಿಡಿದುಕೊಂಡಿತ್ತು. ಗಿರಣಿಗೆ ಬಂದ ಮೆಕ್ಕೆಜೋಳದ ಲಾರಿಗಳಲ್ಲಿ ಅರ್ಧಕ್ಕರ್ಧ ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸ್ಸು ಹೋಗುತ್ತಿದ್ದವು. ಅವಳ ಭಾವನ ಲಾರಿ ಮಾತ್ರ ಒಮ್ಮೆಯೂ ತಿರುಗಿ ಹೋಗಲಿಲ್ಲ.

ಅವಳಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಗಿರಣಿಯ ಪರೀಕ್ಷೆ ಕೋಣೆ ಅವಳದು. ಮಾದರಿಯ ಕಾಳನ್ನು ಪುಡಿ ಮಾಡಿ, ದ್ರಾವಣದಲ್ಲಿ ಕಲಕಿ, ಕಾಗದದ ಪಟ್ಟಿ ಅದ್ದಿ ಕಾಯಬೇಕು. ಎರಡು ಗೆರೆ ಮೂಡಿದರೆ ಲಾರಿ ಒಳಗೆ. ಒಂದೇ ಗೆರೆಯಾದರೆ ಬೂಷ್ಟಿನ ವಿಷ ಮಿತಿ ಮೀರಿದೆ ಎಂದರ್ಥ. ಇಲ್ಲಿ ಬೀಸುವುದು ಎಳೆಮಕ್ಕಳ ಹಿಟ್ಟು. ಆ ವಿಷವೋ ಕುದಿಸಿದರೂ ಸಾಯದೆ, ಸದ್ದಿಲ್ಲದೆ ಯಕೃತ್ತಿಗೆ ಇಳಿಯುವಂಥದ್ದು.

ಭಾವನ ಬೇಲಿಯಾಚೆಯವರ ಜೋಳ ಕೆಟ್ಟಿತ್ತು. ಮಳೆಯೇನು ಬೇಲಿ ನೋಡಿಕೊಂಡು ಸುರಿಯಿತೇ?

ಕೇಳಲು ಅವಳಿಗೆ ಬಾಯಿಲ್ಲ. ಬಾಯಿಗೆ ಬೆರಳಿಟ್ಟರೂ ಕಚ್ಚದವಳು ಎಂದು ಅಕ್ಕನೇ ಹಂಗಿಸುವಳು. ಆದರೆ ಕಣ್ಣಿತ್ತಲ್ಲ. ಟೊಳ್ಳು ಕಬ್ಬಿಣದ ಕೋಲಿನಿಂದ ಚೀಲಗಳನ್ನು ಚುಚ್ಚಿ ಮಾದರಿ ತೆಗೆಯುವ ಮುದುಕನಿಗೆ ಗಿರಣಿಯಲ್ಲಿ ದಬ್ಬಣ ಎಂದೇ ಹೆಸರು. ಭಾವ ಬಂದಾಗಲೆಲ್ಲ ದಬ್ಬಣನ ಹೆಗಲ ಮೇಲೆ ಕೈ ಹಾಕುತ್ತಿದ್ದ. ಒಳ್ಳೆಯ ಚೀಲಗಳನ್ನಷ್ಟೇ ಚುಚ್ಚುತ್ತಾನೇನೋ ಎಂದು ಅವಳು ಆ ದಿನ ಭಾವನ ಲಾರಿ ಬಂದಾಗ ಕಿಟಕಿಯಲ್ಲಿ ನಿಂತಳು. ಮೂಲೆ, ನಡು, ತಳ, ದಬ್ಬಣ ಒಂದನ್ನೂ ಬಿಡಲಿಲ್ಲ. ಅವಳಿಗೆ ನಾಚಿಕೆಯಾಯಿತು. ಆದರೆ ಮಾದರಿಯ ಬಕೆಟ್ಟು ಹಿಡಿದ ಮುದುಕ ನೆಟ್ಟಗೆ ಕೋಣೆಗೆ ಬಾರದೆ ಶೆಡ್ಡಿನ ಹಿಂದಕ್ಕೆ ಹೋದಾಗ ನಾಚಿಕೆ ಹಾರಿಹೋಯಿತು. ಹಿಂದೆಯೇ ಹೋದಳು.

ದಬ್ಬಣ ಮೊರ ಹಿಡಿದು ಕೂತಿದ್ದ.

"ಏನ್ಮಾಡ್ತಿದ್ದೀರಿ ಅಜ್ಜ?"

"ಕಾಣಲ್ವಾ? ಕೇರ್ತಿದ್ದೀನಿ."

"ಎಲ್ಲರದ್ದೂ ಕೇರ್ತೀರಾ?"

"ಎಲ್ಲರದ್ದೂ ಕೇರೋಕೆ ನಾನೇನು ಅವರ ಮನೆ ಸೊಸೆನಾ? ಇದು ನಿನ್ನ ಅಕ್ಕನ ಮನೆ ಜೋಳ ಮಗಳೇ. ನುಚ್ಚು ಧೂಳು ಸಮೇತ ನಿನ್ನ ಮುಂದೆ ಇಟ್ರೆ ಅವರ ಮರ್ಯಾದೆ ಏನಾಗ್ಬೇಕು? ನಿನ್ನ ಭಾವಾನೂ ಹೇಳಿದ್ರು, ಒಂಚೂರು ನೀಟಾಗಿ ಕೊಡು ಅಂತ."

ವಿಷ ಹೆಚ್ಚಾಗಿ ಕೂರುವುದೇ ಆ ನುಚ್ಚಿನಲ್ಲಿ, ಆ ಧೂಳಿನಲ್ಲಿ. ದಬ್ಬಣ ಅದನ್ನು ಮರ್ಯಾದೆಯಿಂದ ಮೊರದಾಚೆ ಹಾರಿಸಿ, ಉಳಿದ ಮುತ್ತಿನಂಥ ಕಾಳನ್ನು ತಂದುಕೊಡುತ್ತಿದ್ದ. ಲಾರಿಯಲ್ಲಿದ್ದದ್ದು ಇದ್ದ ಹಾಗೇ ಬೀಸುಕಲ್ಲಿಗೆ ಹೋಗುತ್ತಿತ್ತು.

ಕೋಲನ್ನು ಅವಳೇ ಇಸಿದುಕೊಂಡು ಮತ್ತೆ ಮಾದರಿ ತೆಗೆದಳು, ಕೇರಲಿಲ್ಲ. ಪಟ್ಟಿಯ ಮೇಲೆ ಒಂದು ಗೆರೆ ಮೂಡಿತು. ಎಷ್ಟು ಕಾದರೂ ಅದಕ್ಕೆ ಜೊತೆ ಬರಲಿಲ್ಲ.

"ಏನಮ್ಮ ನಾದಿನಿ, ಆಯ್ತಾ?" ಭಾವ ಬಾಗಿಲಲ್ಲಿ ನಿಂತಿದ್ದ.

"ಒಂದೇ ಗೆರೆ ಬಂತು ಭಾವ."

"ನಿನ್ನ ಪಟ್ಟಿಗೂ ನೆಗಡಿ ಆಗಿರ್ಬೇಕು. ಇನ್ನೊಂದು ಹಾಕು."

ನಕ್ಕ. ಆ ನಗುವನ್ನು ನಂಬಿಬಿಡೋಣ ಎನಿಸಿತು ಅವಳಿಗೆ. ಪಾಪ, ನೀಟಾಗಿರಲಿ ಎಂದಷ್ಟೇ ಹೇಳಿದ್ದನೇನೋ. ಆದರೂ ಕೇಳಿದಳು:

"ಭಾವ, ಮನೇಲಿ ನಿಮ್ಮ ಪಾಪುಗೂ ಇದೇ ರಾಶಿಯ ಹಿಟ್ಟಾ?"

"ಛೆ, ಪಾಪುಗೆ ಇದನ್ನ ಕೊಡ್ತೀವಾ? ಹೋದ ವರ್ಷದ್ದು ಬೇರೆ ಎತ್ತಿಟ್ಟಿದ್ದೀನಿ," ಎಂದ ಭಾವ. ಎಂದವನ ಬಾಯಿ ಹಾಗೇ ನಿಂತಿತು.

ಹೊರಗೆ ಲಾರಿಯ ಇಂಜಿನ್ನು ಗುರುಗುಡುತ್ತಲೇ ಇತ್ತು. ಅವಳು ಫೋನೆತ್ತಿ ಮ್ಯಾನೇಜರಿಗೆ ಕರೆ ಮಾಡಿದಳು.

"ನಿಮ್ಮ ಅಕ್ಕನ ಮುಖ ಆದ್ರೂ ನೋಡಬಾರ್ದಾ?" ಎಂದ ಭಾವ, ಮೆಲ್ಲಗೆ.

ಅಕ್ಕನ ಮುಖ ಕಣ್ಣಿಗೆ ಕಟ್ಟಿತು. ಆ ಮನೆಯ ಬಾಗಿಲು ಇನ್ನು ತನಗೆ ತೆರೆಯದೇನೋ ಎನಿಸಿತು. ಆದರೂ ಫೋನಿನಲ್ಲಿ ಹೇಳಿದಳು.

"ಸರ್, ಈ ಲಾರಿ ಬೇಡ. ಇದೊಂದೇ ಅಲ್ಲ, ನಮ್ಮ ಭಾವನ ಹಿಂದಿನ ಲಾರಿಗಳೂ... ಪರೀಕ್ಷೆ ಸರಿಯಾಗಿ ಆಗಿಲ್ಲ. ಆ ಹಿಟ್ಟು ಅಂಗಡಿಗೆ ಹೋಗಿದ್ರೂ ವಾಪಸ್ ತರಿಸಿ ಸರ್. ಇವತ್ತೇ."